ಬಾತುಕೋಳಿ, ಅಜ್ಜಿ, ಕತ್ತೆ ಮತ್ತು ಒಬ್ಬನೇ ಗಂಡಸು

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಬೇರೆಯವರು ನಂಬದಿದ್ದರೆ ಸಹಿಸುವುದೂ ಇಲ್ಲ. ಪುರಾವೆಯಿಲ್ಲದೆ ಏನನ್ನೂ ಒಪ್ಪಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತು. ಮದುವೆಯಾದ ಮೇಲೆ ಪುರಾವೆ ಒದಗಿಸುವ ಕೆಲಸವೆಲ್ಲ ನನ್ನ ಪಾಲಿಗೇ ಬಂತು.

ಈ ಡಿಸೆಂಬರಿನ ಜಗಳಕ್ಕೆ ಕಾರಣ ಒಂದು ಹಳೆಯ ಕ್ರಿಸ್‌ಮಸ್ ರೆಕಾರ್ಡು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಹೋಬೋಕನ್ ಊರಿನಲ್ಲಿ ಓದುವಾಗ ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡದ್ದು. ಅದರಲ್ಲಿ ಬಾತುಕೋಳಿಯೊಂದು ಸಾಂತಾಕ್ಲಾಸನ ಮೇಲೆ ಕೀರಲು ದನಿಯಲ್ಲಿ ದೂರು ಹಾಡುತ್ತದೆ, ಅಜ್ಜಿ ಅದನ್ನು ಗದರುತ್ತಾಳೆ, ಕೊನೆಗೆ ಕತ್ತೆ ತಗ್ಗಿದ ದನಿಯಲ್ಲಿ ರಾಜಿ ಮಾಡಿಸುತ್ತದೆ. ಮೂರೂ ದನಿ ಒಬ್ಬನೇ ಗಂಡಸಿನದು ಎಂಬುದು ನನ್ನ ವಾದ. ಆ ಕಾಲದಲ್ಲಿ ಅಂಥ ಗಾಯಕರಿದ್ದರು: ಬೆಳಿಗ್ಗೆ ಸೋಪಿನ ಜಾಹೀರಾತು, ಮಧ್ಯಾಹ್ನ ಬಿಕ್ಕಳಿಸುವ ಹಿಮಸಾರಂಗ, ಸಂಜೆ ಚರ್ಚಿನಲ್ಲಿ ಗಂಭೀರ ಭಕ್ತಿಗೀತೆ. ಕವರಿನ ಹಿಂದೆ ಒಂದೇ ಹೆಸರಿದ್ದ ನೆನಪು ನನಗಿದೆ. ಕವರು ಮಾತ್ರ ಇಲ್ಲ.

"ಮೂರು ಜನ ರೀ," ಎಂದಳು ನನ್ನ ಹೆಂಡತಿ ಸುಧಾ. "ಮಾಲ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದು ಅಂತಾನೂ ಹೀಗೇ ಧೈರ್ಯವಾಗಿ ಹೇಳಿದ್ರಿ. ಇದೂ ತಪ್ಪಾದ್ರೆ, ಇನ್ಮೇಲೆ ನಾನು ಯಾರಿಗಾದ್ರೂ ಕಥೆ ಹೇಳುವಾಗ 'ಅದು ಹಾಗಲ್ಲ' ಅಂತ ಮಧ್ಯೆ ಬಾಯಿ ಹಾಕಬಾರದು."

ಇದು ಸಣ್ಣ ಮಾತಲ್ಲ. ಶನಿವಾರ ಕೆಂಡಲ್ ಪಾರ್ಕಿನ ನಮ್ಮ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್. ಅಲ್ಲಿ ಹೆಂಡತಿಯನ್ನು ತಿದ್ದುವುದೊಂದೇ ನನಗೆ ಉಳಿದಿರುವ ಹುದ್ದೆ. ಆದರೂ ಬಗ್ಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ, ರೆಕಾರ್ಡು ಸಂಗ್ರಹಿಸುವವನೊಬ್ಬ 'ಒಬ್ಬನೇ' ಎಂದಿದ್ದ, ಇನ್ನೊಬ್ಬ 'ಮೂವರು' ಎಂದಿದ್ದ. ಕೊನೆಗೆ ನಾನೇ ಮೂರು ದನಿಯಲ್ಲಿ ಹಾಡಿ ತೋರಿಸಿದೆ. ಮೂರೂ ನೆಗಡಿಯಾದ ನನ್ನ ಹಾಗೇ ಕೇಳಿಸಿದವು.

ಅಷ್ಟರಲ್ಲಿ ಮ್ಯಾನೇಜರ್ ಫೋನ್ ಮಾಡಿ ರಜೆಯಲ್ಲೂ ಕೆಲಸ ಮಾಡಲಾದೀತೇ ಎಂದರು. "ಶೂರ್, ನೋ ಪ್ರಾಬ್ಲಂ," ಎಂದೆ, ಕೀರಲು ದನಿಯಲ್ಲಿ. ಇಟ್ಟ ಕೂಡಲೇ ಮೈಸೂರಿನಿಂದ ಅಮ್ಮನ ಫೋನ್. "ಮಾತ್ರೆ ಯಾಕೆ ತಗೊಂಡಿಲ್ಲ? ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಅವಳನ್ನು ಗದರಿದೆ. ಆಮೇಲೆ ಬಾರದೇ ಇದ್ದ ಹೀಟರ್ ರಿಪೇರಿಯವನಿಗೆ ನಾನೇ ಫೋನ್ ಮಾಡಿ, ತಗ್ಗಿದ ದನಿಯಲ್ಲಿ ನಾಳೆಗೆ ಒಪ್ಪಿಸಿದೆ.

ಸೋಫಾದಲ್ಲಿದ್ದ ಮಗಳು ಅನನ್ಯಾ ಫೋನಿನಿಂದ ತಲೆ ಎತ್ತದೆ ಹೇಳಿದಳು: "ಡಕ್. ಗ್ರ್ಯಾಂಡ್‌ಮಾ. ಡಾಂಕಿ. ಅಮ್ಮಾ, ಇಟ್ಸ್ ಟೋಟಲಿ ಒನ್ ಗೈ."

ಸುಧಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಆಯ್ತು ರೀ, ಒಪ್ಪಿದೆ. ಒಬ್ಬನೇ."

ನಾನು ಗೆದ್ದಿದ್ದೆ. ಶನಿವಾರ ಅವಳು ಇದೇ ಕಥೆಯನ್ನು, ಉಪ್ಪು ಖಾರ ಹಚ್ಚಿ, ಇಡೀ ಪಾಟ್‌ಲಕ್‌ಗೆ ಹೇಳಿದಳು. ಗೆದ್ದ ಹಕ್ಕಿನಿಂದ ಎದ್ದು ನಿಂತು "ಅದು ಹಾಗಲ್ಲ" ಎಂದೆ. ಹೊರಬಂದದ್ದು ಬಾತುಕೋಳಿಯ ದನಿ.