ಮೊದಲ ಡಿಕಾಕ್ಷನ್ ಮೇಲಿನ ಮನೆಗೆ

ಹೊಸಹಳ್ಳಿಯ ಮುನಿವೆಂಕಟಪ್ಪನವರ ಮನೆಯಲ್ಲಿ ಬೆಳಗಿನ ಹೊತ್ತು ಫಿಲ್ಟರಿನಿಂದ ಇಳಿಯುವ ಮೊದಲ ಡಿಕಾಕ್ಷನ್ ಮಹಡಿ ಹತ್ತಿ ಮೇಲಕ್ಕೆ ಹೋಗುತ್ತಿತ್ತು. ಎರಡನೆಯದು, ಅಂದರೆ ಫಿಲ್ಟರು ತೊಳೆದ ನೀರಿಗೆ ಹಾಲು ಬೆರೆಸಿದಂತಿರುವುದು, ಮುನಿವೆಂಕಟಪ್ಪನವರ ಗಂಟಲಿಗೆ ಇಳಿಯುತ್ತಿತ್ತು. ಮೂರು ಅಂತಸ್ತಿನ ಕಟ್ಟಡ ಅವರದು. ಫಿಲ್ಟರು ಅವರದು, ಹಾಲು ಅವರದು, ಕಾಫಿ ಮಾಡುವ ಸೊಸೆಯೂ ಅವರದೇ. ಡಿಕಾಕ್ಷನ್ ಮಾತ್ರ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಗೋಪೀನಾಥ ಮೇಷ್ಟ್ರದು! ಇಂಥ ಅನ್ಯಾಯ ಕಂಡೂ ಭೂಮಿತಾಯಿ ಬಾಯಿ ಬಿಡದೆ ಹೇಗೆ ಸುಮ್ಮನಿದ್ದಾಳೆ ಎಂದು ಅವರಿಗೆ ದಿನಾ ಆಶ್ಚರ್ಯವಾಗುತ್ತಿತ್ತು. (ಕೆಳಗೆ ಕಾವೇರಿ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು. ಪಾಪ, ಆಕೆಗಾದರೂ ಬಾಯಿ ಬಿಡಲು ಜಾಗವೆಲ್ಲಿದೆ?)

ಇಷ್ಟಕ್ಕೆಲ್ಲ ಕಾರಣ ಸೊಸೆ ಶಿಲ್ಪಾಳ ಓದು. ಮದುವೆಗೆ ಮೊದಲೇ ಬಿ.ಎಸ್ಸಿ. ಮುಗಿಸಿದ್ದವಳು ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಬಿ.ಎಡ್. ಮಾಡಿ ಟೀಚರಾಗುತ್ತೇನೆ ಎಂದಳು. ಮಗ ನಾಗೇಂದ್ರ ಹೂಂ ಅಂದ. ಕೆಂಗೇರಿ ಕಡೆಯ ಒಂದು ಕಾಲೇಜಿನವರು ಮಾತ್ರ ಅಷ್ಟು ಸುಲಭಕ್ಕೆ ಹೂಂ ಅನ್ನುವವರಲ್ಲ. ಸೀಟು ಕೊಡುವ ಮೊದಲು ಮೂಲ ಕೌಶಲಗಳ ಪರೀಕ್ಷೆ ಇಟ್ಟಿದ್ದರು. ಓದುವುದು, ಬರೆಯುವುದು, ಲೆಕ್ಕ. ಕಡೆಯ ದಿನ ಪಾಠ ಮಾಡಿ ತೋರಿಸುವುದು. ನಲವತ್ತು ಸೀಟಿಗೆ ಮುನ್ನೂರು ಅರ್ಜಿ. "ಈ ಸಲ ಸಿಗಲಿಲ್ಲ ಅಂದ್ರೆ ಇನ್ನು ಓದಿನ ಮಾತೇ ಎತ್ತಲ್ಲ ಅತ್ತೆ" ಎಂದು ಶಿಲ್ಪಾ ಕಣ್ಣು ತುಂಬಿಕೊಂಡು ಹೇಳಿದ್ದಳು.

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುನಿವೆಂಕಟಪ್ಪನವರ ಮೀಸೆ ತಾನಾಗಿ ಮೇಲೆದ್ದಿತು. ಅವರು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕು ವರ್ಷ. ಮಿಕ್ಕಿದ್ದೆಲ್ಲ ಸ್ವಯಾರ್ಜಿತ. ಪೊಟ್ಟಣ ಕಟ್ಟಿದ ಕಾಗದ ಬಿಡಿಸಿ ಓದಿ ಅಕ್ಷರ ಗಟ್ಟಿಮಾಡಿಕೊಂಡವರು. ನಲವತ್ತು ವರ್ಷ ಬಾಳೆಹಣ್ಣಿನ ಮಂಡಿ ನಡೆಸಿ, ಗೊನೆಯನ್ನು ಕಣ್ಣಲ್ಲೇ ತೂಗಿದವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಜಾರುಬಂಡೆಯಲ್ಲಿ ಜಾರಿದಂತೆ ಬರುತ್ತಿದ್ದವು. ಅವರಲ್ಲಿ ಇದ್ದದ್ದು ಒಂದೇ ಒಂದು ಊನ. ಎದುರಿನವರ ಮಾತು ಮುಗಿಯುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ಅರ್ಧ ಕೇಳುವಷ್ಟರಲ್ಲಿ "ಗೊತ್ತು!" ಎನ್ನುವರು. "ಒಲೆ ಮೇಲೆ ಹಾಲು ಅಂತ ಬಾಯಿ ತೆಗೆದ್ರೆ 'ಗೊತ್ತು' ಅಂತಾರೆ. ಹಾಲು ಉಕ್ಕಿ ಒಲೆ ಆರಿಹೋದ್ಮೇಲೆ 'ಮೊದ್ಲೇ ಯೋಳ್ಬಾರ್ದಾ' ಅಂತಾರೆ" ಎಂಬುದು ಅವರ ಹೆಂಡತಿ ವಿಮಲಮ್ಮನವರ ನಲವತ್ತೈದು ವರ್ಷಗಳ ದಾಂಪತ್ಯದ ಸಾರಾಂಶ.

ಮೊದಲ ದಿನ ಶಿಲ್ಪಾ ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಮಾವನ ಮುಂದೆಯೇ ಕೂತಳು.

"ಒಬ್ಬ ವ್ಯಾಪಾರಿ ಇನ್ನೂರ ನಲವತ್ತು ಬಾಳೆಹಣ್ಣು ಕೊಂಡ. ಅದರಲ್ಲಿ ಎಂಟನೇ ಒಂದು ಭಾಗ ಕೊಳೆತುಹೋದರೆ, ಉಳಿದ..."

"ಇನ್ನೂರ ನಲವತ್ತು!"

"ಕೊಳೆತುಹೋಯ್ತಂತೆ ಮಾವ."

"ಎಂಗ್ ಕೊಳೀತದೆ? ಮೂವತ್ತು ಹಣ್ಣು ಕೊಳಿಯಾಗಂಟ ಅವ್ನೇನು ದನ ಕಾಯ್ತಿದ್ನಾ? ಚುಕ್ಕೆ ಬಿದ್ದ ದಿನವೇ ದೇವಸ್ಥಾನಕ್ಕೆ ರಸಾಯನಕ್ಕೆ ಅಂತ ಸಾಗಿಸ್ಬುಡ್ಬೇಕು. ನನ್ನ ಮಂಡೀಲಿ ಒಂದು ಹಣ್ಣು ಕೊಳೆತಿದ್ರೆ ಕೇಳು!"

"ಆದ್ರೆ ಆಪ್ಷನ್ನಲ್ಲಿ ಇನ್ನೂರ ನಲವತ್ತೇ ಇಲ್ವಲ್ಲ ಮಾವ."

"ಹಾಕ್ಕೊಳ್ಳಕ್ಕೆ ಯೋಳು."

ಅದೇ ಹೊತ್ತಿಗೆ ದಿನಪತ್ರಿಕೆ ಎತ್ತಿಕೊಳ್ಳಲು ಕೆಳಗಿಳಿದಿದ್ದ ಗೋಪೀನಾಥ ಮೇಷ್ಟ್ರು ಬಾಗಿಲಲ್ಲಿ ನಿಂತು, "ಇನ್ನೂರ ಹತ್ತು ಕಣಮ್ಮ. ಮೂರನೇ ಆಪ್ಷನ್ನು. ಪ್ರಶ್ನೆ ಕೇಳಿದಷ್ಟಕ್ಕೆ ಉತ್ತರ ಕೊಟ್ರೆ ಸಾಕು" ಎಂದು ಮೆತ್ತಗೆ ಹೇಳಿ ಹೋದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮರುದಿನದಿಂದ ಶಿಲ್ಪಾ ಪುಸ್ತಕದ ಜೊತೆ ಮುಚ್ಚಳ ಹಾಕಿದ ಸ್ಟೀಲ್ ಲೋಟ ಹಿಡಿದು ಮಹಡಿ ಹತ್ತತೊಡಗಿದಳು. ಅದೇ ದಿನದಿಂದ ಮುನಿವೆಂಕಟಪ್ಪನವರ ಕಾಫಿ ತೆಳ್ಳಗಾಯಿತು.

"ಹಿತ್ತಲ ಗಿಡ ಮದ್ದಲ್ಲ, ಬುಡು!" ಎಂದು ಅವರು ಲೋಟ ಕುಕ್ಕಿದರು.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕುರ್ಚಿಯನ್ನು ಮೆಟ್ಟಿಲ ಬುಡಕ್ಕೆ ಎಳೆದು ಹಾಕಿ ಕಿವಿಯನ್ನು ಮೇಲಕ್ಕೆ ನೆಟ್ಟರು. ಮೇಲಿನಿಂದ ಸೊಸೆ ನಕ್ಕ ಸದ್ದು ಕೇಳಿದರೆ ಇಲ್ಲಿ ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯುತ್ತಿತ್ತು. ಲೆಕ್ಕದಲ್ಲಿ ನಗುವಂಥದ್ದೇನಿದೆ? ಮೂರನೆಯ ದಿನ ಊರುಗೋಲು ಹಿಡಿದು ಮೇಲಿನ ಮನೆಗೇ ನುಗ್ಗಿ ಗೋಡೆಗಳನ್ನು ಟಕಟಕ ಕುಟ್ಟತೊಡಗಿದರು.

"ಏನು ಮುನಿವೆಂಕಟಪ್ಪನೋರೇ?" ಎಂದರು ಮೇಷ್ಟ್ರು.

"ತೇವ ಏರೈತಾ ಅಂತ ನೋಡ್ತಾ ಇವ್ನಿ."

"ಏಪ್ರಿಲ್ ಬಿಸಿಲಲ್ಲೇ?"

"ಬಿಸಿಲಲ್ಲಿ ಏರೋ ತೇವವೇ ಅಪಾಯ. ಓನರ್‌ಗಳಿಗೆ ಮಾತ್ರ ಗೊತ್ತಾಯ್ತದೆ."

ಅಲ್ಲಿಂದಾಚೆಗೆ ದಿನಾ ಪಾಠದ ಹೊತ್ತಿಗೆ ಸರಿಯಾಗಿ ತೇವ ಏರತೊಡಗಿತು. ಒಂದು ದಿನ ಪಾಠ ಕೇಳಿಸದಿರಲೆಂದು ನೀರಿನ ಮೋಟರು ಹಾಕಿ ಮರೆತು ಕೂತರು. ಟ್ಯಾಂಕು ತುಂಬಿ, ತಾರಸಿ ತುಂಬಿ, ಅದೇ ಮೆಟ್ಟಿಲ ಮೇಲೆ ಶಿವನ ಜಟೆಯಿಂದ ಇಳಿದ ಗಂಗೆಯಂತೆ ಧುಮುಕಿದ ನೀರು ಕುರ್ಚಿಯಲ್ಲಿದ್ದ ಮುನಿವೆಂಕಟಪ್ಪನವರ ಪಾದ ತೊಳೆದು ಬೀದಿಗೆ ಹರಿಯಿತು.

ವಿಮಲಮ್ಮನವರು ಪೊರಕೆ ಹಿಡಿದು ನೀರು ತಳ್ಳುತ್ತ, "ಸವತಿ ಬಂದ ಹೆಂಗಸೂ ಹಿಂಗೆ ಕುದಿಯಲ್ಲ ಕಣ್ರೀ! ಆ ಹುಡುಗಿ ಸೀಟಿಗೆ ಕಲ್ಲು ಹಾಕ್ಬ್ಯಾಡಿ" ಎಂದು ಉಗಿದರು.

"ನಾನ್ಯಾಕೆ ಕಲ್ಲು ಹಾಕ್ಲಿ? ಅವ್ಳು ಪಾಸಾಗ್ಲಿ ಅಂತ ಮುನೇಶ್ವರನಿಗೆ ಹರಕೆ ಹೊತ್ತಿವ್ನಿ."

"ಹರಕೆ ಏನಂತ?"

"ನನ್ನಿಂದ ಪಾಸಾಗ್ಲಿ ಅಂತ."

ಓದು, ಬರಹ, ಲೆಕ್ಕ ಮೂರೂ ಮುಗಿದವು. ಶಿಲ್ಪಾ ಕಡೆಯ ಸುತ್ತಿಗೆ ಆಯ್ಕೆಯಾದಳು. ಆ ಸಂಜೆ ಅವಳು ಮಾವನ ಕುರ್ಚಿಯ ಹತ್ತಿರ ಬಂದು ನಿಂತಳು.

"ಮಾವ, ಶನಿವಾರ ಪಾಠ ಮಾಡಿ ತೋರಿಸ್ಬೇಕು. ಮನೆಯಿಂದ ಒಬ್ಬರನ್ನ ಕರ್ಕೊಂಡು ಬನ್ನಿ ಅಂದಿದಾರೆ. ಮೇಷ್ಟ್ರು ತಾವೇ ಬರ್ತೀನಿ ಅಂದ್ರು. ನಾನೇ ಬೇಡ ಅಂದೆ. ಇದಕ್ಕೆ ನೀವೇ ಸರಿ. ಯಾಕಂದ್ರೆ ಅಲ್ಲಿ ನೀವು..."

"ಗೊತ್ತು!" ಮುನಿವೆಂಕಟಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಯೋಳ್ಬ್ಯಾಡ. ಎಲ್ಲಾ ಗೊತ್ತಾಯ್ತು."

"ಪೂರ್ತಿ ಕೇಳಿ ಮಾವ, ಅಲ್ಲಿ..."

"ಗೊತ್ತಾಯ್ತು ಕಣವ್ವಾ! ತಡವಾಗಿಯಾದ್ರೂ ನಿಂಗೆ ಬುದ್ಧಿ ಬಂತಲ್ಲ."

ಶಿಲ್ಪಾ ಅತ್ತೆಯ ಮುಖ ನೋಡಿದಳು. ವಿಮಲಮ್ಮನವರು ಬೆಳ್ಳುಳ್ಳಿ ಸುಲಿಯುತ್ತಲೇ, ಬಿಡು, ತಾನಾಗಿ ಗೊತ್ತಾಗುತ್ತದೆ ಎಂಬಂತೆ ಕಣ್ಣು ಮಿಟುಕಿಸಿದರು.

ಶನಿವಾರದೊಳಗೆ ಹೊಸಹಳ್ಳಿಯಲ್ಲಿ ಈ ಸುದ್ದಿ ತಿಳಿಯದ ಪ್ರಾಣಿಯಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಪಾರ್ಕಿನ ಕಲ್ಲುಬೆಂಚಿನಲ್ಲಿ ಒಂದೇ ಮಾತು: "ಪೆನ್ಷನ್ ಮೇಷ್ಟ್ರನ್ನ ಬುಟ್ಟು ನನ್ನನ್ನ ಕರೆಸ್ಕಂತಾವ್ರೆ. ಕಾಲೇಜಿನೋರು!" ಹೊರಡುವ ದಿನ ಜರಿ ಅಂಚಿನ ಪಂಚೆ ಉಟ್ಟು, ಮಂಡಿಯವರು ಹಿಂದೊಮ್ಮೆ ಸನ್ಮಾನ ಮಾಡಿ ಹೊದಿಸಿದ್ದ ಶಲ್ಯವನ್ನು ಹೆಗಲಿಗೇರಿಸಿದರು. ಮೇಷ್ಟ್ರು ಮೇಲಿನಿಂದ ಬಗ್ಗಿ, "ಚೆನ್ನಾಗಿ ಗಮನ ಕೊಡಿ ಮುನಿವೆಂಕಟಪ್ಪನೋರೇ" ಎಂದರು. ಹೊಟ್ಟೆಕಿಚ್ಚು ಮನುಷ್ಯನ ಬಾಯಲ್ಲಿ ಎಂತೆಂಥ ಮಾತು ಆಡಿಸುತ್ತದೆ ಎಂದು ಮುನಿವೆಂಕಟಪ್ಪನವರಿಗೆ ಮರುಕ ಹುಟ್ಟಿತು. ಮೆಟ್ರೋದಲ್ಲಿ ಹಿರಿಯರ ಸೀಟು ಖಾಲಿಯಿದ್ದರೂ ಕೆಂಗೇರಿಯವರೆಗೆ ನಿಂತೇ ಬಂದರು. ಶಲ್ಯದ ಮಡಿಕೆ ಮುರಿಯಬಾರದಲ್ಲ!

ಕಾಲೇಜಿನ ಕೊಠಡಿಯಲ್ಲಿ ಪರೀಕ್ಷೆ ಮಾಡುವ ಮೇಡಮ್ಮು ಒಂದು ಮೂಲೆಯಲ್ಲಿ ಕೂತಿದ್ದರು. ಹಿಂದೆ ತಮ್ಮ ಸರದಿಗೆ ಕಾದ ಹತ್ತಾರು ಹುಡುಗ ಹುಡುಗಿಯರು. ಎದುರಿಗೆ ಒಂದು ಮೇಜು, ಒಂದು ಕುರ್ಚಿ. ಅದರ ಮುಂದೆ ಒಂದನೇ ಕ್ಲಾಸಿನ ಮಕ್ಕಳು ಕೂರುವಂಥ ಮೊಣಕಾಲೆತ್ತರದ ಬೆಂಚು. ಮುನಿವೆಂಕಟಪ್ಪನವರು ನೇರವಾಗಿ ಹೋಗಿ ಕುರ್ಚಿಯಲ್ಲಿ ವಿರಾಜಮಾನರಾದರು.

"ಯಜಮಾನ್ರೇ, ಅದು ಕಲಿಸೋರ ಕುರ್ಚಿ" ಎಂದರು ಮೇಡಮ್ಮು.

"ಅದ್ಕೇ ಕೂತಿವ್ನಿ ತಾಯಿ."

ಮೇಡಮ್ಮು ಕನ್ನಡಕ ಸರಿಮಾಡಿಕೊಂಡು ಕೈಯಲ್ಲಿದ್ದ ಹಾಳೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು: "ಕಲಿಯುವವರ ಹೆಸರು, ಮುನಿವೆಂಕಟಪ್ಪ. ವಯಸ್ಸು, ಎಪ್ಪತ್ತೊಂದು. ಈಗಾಗಲೇ ಬಲ್ಲದ್ದು, ಮುಕ್ಕಾಲು ಮಗ್ಗಿಯವರೆಗೆ ಎಲ್ಲ ಲೆಕ್ಕ. ಕಲಿಕೆಯ ತೊಡಕು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾರೆ. ಇಂದಿನ ಪಾಠ, ಪ್ರಶ್ನೆಯನ್ನು ಕೊನೆಯವರೆಗೂ ಕೇಳುವುದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುನಿವೆಂಕಟಪ್ಪನವರ ಕಿವಿಯ ತುದಿಯಿಂದ ಹೊಗೆ ಬಂದಂತಾಯಿತು. ಗುರುಪೀಠ ಎಂದು ಬಂದರೆ ಬಲಿಪೀಠ! ಎದ್ದು ಬಾಗಿಲತ್ತ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸೊಸೆಯ ಕೈ ಕಣ್ಣಿಗೆ ಬಿತ್ತು. ಹಿಡಿದಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲೆ ವಾಪಸು ಇಡುತ್ತಿತ್ತು. ತಾವು ಈ ಬಾಗಿಲು ದಾಟಿದರೆ ಅವಳು ಇನ್ನೆಂದೂ ಓದಿನ ಮಾತೆತ್ತುವುದಿಲ್ಲ. ಮುನಿವೆಂಕಟಪ್ಪನವರು ಶಲ್ಯವನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಆ ಪುಟ್ಟ ಬೆಂಚಿನ ಮೇಲೆ ಹಾಸಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು.

ಶಿಲ್ಪಾ ಚೀಲದಿಂದ ಒಂದು ಚಿಪ್ಪು ಏಲಕ್ಕಿ ಬಾಳೆ ತೆಗೆದು ಅವರ ಮುಂದಿಟ್ಟಳು. "ಮಾವ, ಈ ಚಿಪ್ಪಲ್ಲಿ ಹದಿನಾರು ಹಣ್ಣಿದೆ. ಕಾಲು ಭಾಗ ಕೊಳೆತುಹೋದ್ರೆ..."

"ಹನ್ನೆರಡು ಉಳೀತದೆ!" ಈ ಸಲ ಕೊಳೆಯುವುದನ್ನೂ ಒಪ್ಪಿಕೊಂಡಿದ್ದರು.

"ಕೊಳೆತದ್ದು ಎಷ್ಟು ಅಂತ ಕೇಳೋಳಿದ್ದೆ."

ಕೊಠಡಿಯೆಲ್ಲ ನಕ್ಕಿತು. ಶಿಲ್ಪಾ ನಗಲಿಲ್ಲ. "ನಾನು ಕೇಳಿ ಮುಗಿಸೋವರೆಗೂ ಹಣ್ಣಿನ ಮೇಲೆ ಕೈ ಇಟ್ಕೊಂಡಿರಿ. ಪ್ರಶ್ನೆ ಮುಗಿದ ಮೇಲೆ ಕೈ ಎತ್ತಿ, ಆಮೇಲೆ ಬಾಯಿ" ಎಂದಳು. ಎರಡನೆಯ ಪ್ರಶ್ನೆಗೆ ಕೈ ಹಣ್ಣಿನ ಮೇಲಿತ್ತು, ಉತ್ತರ ಮಾತ್ರ ಹಲ್ಲಿನ ಸಂದಿಯಿಂದ ಅರ್ಧ ಈಚೆ ಬಂದಿತ್ತು. ಮೂರನೆಯದಕ್ಕೆ ಅವರು ಉಸಿರು ಕಟ್ಟಿದರು. ತುಟಿ ಅದುರಿತು, ಗಂಟಲಿನ ಗುಬುಟು ಬಾವಿಯ ಕೊಡದಂತೆ ಮೇಲೆ ಕೆಳಗೆ ಆಡಿತು, ಕೈಯ ಕೆಳಗಿನ ಹಣ್ಣು ರಸಾಯನವಾಯಿತು. ಉತ್ತರ ಮಾತ್ರ ಪ್ರಶ್ನೆಯ ಹಿಂದೆಯೇ ಬಂತು. ಸರಿಯಾಗಿಯೇ ಬಂತು.

"ಇನ್ನು ಕಡೇ ಪ್ರಶ್ನೆ" ಎಂದಳು ಶಿಲ್ಪಾ. "ಒಂದು ಮನೇಲಿ ಒಬ್ಬರು ಮಾವ ಇದ್ರು. ಅವರಿಗೆ ಬಿ.ಪಿ. ಇದೆ, ಗಟ್ಟಿ ಕಾಫಿ ಬೇಡ ಅಂತ ಡಾಕ್ಟರು ಹೇಳೋಕೆ ಹೊರಟ್ರೆ, ಅರ್ಧಕ್ಕೇ 'ಗೊತ್ತು' ಅಂದು ಎದ್ದು ಬಂದ್ರು. ಅದಕ್ಕೇ ಸೊಸೆ ಅವರಿಗೆ ಎರಡನೇ ಡಿಕಾಕ್ಷನ್ ಕೊಡ್ತಿದ್ಲು. ಮೊದಲನೇದನ್ನ ಚೆಲ್ಲೋಕೆ ಮನಸ್ಸು ಬರದೆ ಮೇಲಿನ ಮನೆಗೆ ಕೊಟ್ಲು. ಅವತ್ತಿಂದ ಮಾವ ಊರುಗೋಲು ತಗೊಂಡು ಮೇಲಿನ ಮನೆ ಗೋಡೆ ಕುಟ್ತಾ ಇದಾರೆ. ಹಾಗಾದ್ರೆ, ಆ ಮಾವನಿಗೆ ಆಗಿರೋದೇನು?"

ಪ್ರಶ್ನೆ ಮುಗಿಯಿತು. ಮುನಿವೆಂಕಟಪ್ಪನವರ ಕೈ ನಿಧಾನಕ್ಕೆ ಮೇಲೆದ್ದಿತು. ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು, ಅದೂ ನಾಲ್ಕೇ ಅಕ್ಷರದ್ದು. ಆದರೆ ಇಷ್ಟು ಜನರ ಮುಂದೆ ಅದನ್ನು ಉಗುಳುವುದಾದರೂ ಹೇಗೆ? ತಲೆ ತಗ್ಗಿಸಿ, ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಹೇಳಿದರು:

"ಗೊತ್ತಿಲ್ಲ."

ಮೇಡಮ್ಮು ಎದ್ದು ನಿಂತೇ ಚಪ್ಪಾಳೆ ತಟ್ಟಿದರು. "ಈ ವಿದ್ಯಾರ್ಥೀನ ತಿದ್ದಿದೋಳು ಯಾವ ಸ್ಕೂಲಲ್ಲಾದ್ರೂ ಗೆಲ್ತೀಯಮ್ಮ!" ಹೊರಗೆ ಬಂದರೆ ಸರದಿಗೆ ಕಾದಿದ್ದ ಹುಡುಗಿಯೊಬ್ಬಳು ಹಿಂದೆಯೇ ಓಡಿಬಂದು, "ತಾತ, ನಂಗೂ ವಿದ್ಯಾರ್ಥಿಯಾಗಿ ಬರ್ತೀರಾ? ನಮ್ಮಮ್ಮ ಎಲ್ಲಾನೂ ಒಂದೇ ಸಲಕ್ಕೆ ಕಲಿತುಬಿಡ್ತಾಳೆ" ಎಂದು ಅಂಗಲಾಚಿದಳು.

ವಾರದೊಳಗೆ ಶಿಲ್ಪಾಳಿಗೆ ಸೀಟು ಸಿಕ್ಕಿತು. ಮೇಷ್ಟ್ರು ಕೆಳಗಿಳಿದು ಬಂದು ಕೈ ಕುಲುಕಿ, "ನಾನೇ ವಿದ್ಯಾರ್ಥಿಯಾಗಿ ಬರ್ತೀನಿ ಅಂತ ಎಷ್ಟು ಹೇಳಿದೆ. 'ನೀವು ಬೇಗ ಕಲಿತುಬಿಡ್ತೀರಿ ಮೇಷ್ಟ್ರೇ, ಮಾರ್ಕ್ಸ್ ಬರಲ್ಲ' ಅಂದ್ಲು" ಎಂದು ಪೆಚ್ಚಾಗಿ ನಕ್ಕರು. ಮುನಿವೆಂಕಟಪ್ಪನವರು ಅದರಲ್ಲಿ ಮಾತನ್ನೆಲ್ಲ ಬಿಟ್ಟು ಪೆಚ್ಚು ನಗೆಯನ್ನಷ್ಟೇ ತೆಗೆದುಕೊಂಡರು. ಅಂತೂ ಸೊಸೆ ಮೇಷ್ಟ್ರನ್ನು ಬಿಟ್ಟು ತಮ್ಮನ್ನು ಆರಿಸಿದ್ದಳು! ಆರಿಸಿದ್ದು ಯಾತಕ್ಕೆ ಎಂಬ ಚಿಲ್ಲರೆ ವಿಚಾರವನ್ನು ಹೊಸಹಳ್ಳಿಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಬುಡದ ಕುರ್ಚಿಯಲ್ಲಿ ಗೆದ್ದ ಸೇನಾಪತಿಯಂತೆ ಕೂತಿದ್ದರು. ಶಿಲ್ಪಾ ಎಂದಿನಂತೆ ಮುಚ್ಚಳ ಹಾಕಿದ ಲೋಟ ಹಿಡಿದು ಬಂದಳು. ಗೆದ್ದ ಮೇಲೂ ಮೇಲಿನ ಮನೆಗೇ?

"ನಿಲ್ಲವ್ವಾ! ಡಾಕ್ಟರು ಏನಾದ್ರೂ ಯೋಳ್ಳಿ, ಇವತ್ತು ಒಂದು ದಿನ ಅದು ನಂಗೆ ಸೇರ್ಬೇಕು."

"ಮಾವ, ಇದು..."

"ಗೊತ್ತು!"

ಲೋಟ ಕಿತ್ತುಕೊಂಡು, ಮುಚ್ಚಳ ತೆಗೆದು, ಕತ್ತು ಹಿಂದಕ್ಕೆ ಚೆಲ್ಲಿ, ಎತ್ತರದಿಂದ ಗಟಗಟನೆ ಗಂಟಲಿಗೆ ಸುರಿದುಕೊಂಡರು. ಮುಕ್ಕಾಲು ಪಾಲು ಇಳಿದ ಮೇಲೆ ನಾಲಿಗೆಗೆ ಸುದ್ದಿ ಮುಟ್ಟಿತು. ಕಣ್ಣು ಹೊರಕ್ಕೆ ಬಂತು, ಮೀಸೆ ಕೆಳಕ್ಕೆ ಇಳಿಯಿತು.

"...ಮೇಷ್ಟ್ರಿಗೆ ಶುಗರ್ ಜಾಸ್ತಿಯಾಗಿ ಕಾಫಿ ಬಿಟ್ಟಿದಾರೆ ಮಾವ, ಅದಕ್ಕೆ ಅತ್ತೆ ಮಾಡಿರೋ ಬೇವು-ಅಮೃತಬಳ್ಳಿ ಕಷಾಯ" ಎಂದು ಶಿಲ್ಪಾ ವಾಕ್ಯ ಮುಗಿಸಿದಳು.

ಮಹಡಿಯಿಂದ ಬಗ್ಗಿ ನೋಡಿದ ಮೇಷ್ಟ್ರು, "ಪೂರ್ತಿ ಕುಡಿದ್ರಾ? ಇವತ್ತು ಬದುಕಿದೆ, ದೇವರು ದೊಡ್ಡೋನು!" ಎಂದು ಕೈ ಮುಗಿದರು.

ಮುನಿವೆಂಕಟಪ್ಪನವರು ಬಾಯಲ್ಲಿ ಉಳಿದ ಗುಟುಕಿನೊಡನೆ ಹೆಂಡತಿಯತ್ತ ತಿರುಗಿದರು. ವಿಮಲಮ್ಮನವರು ಹಿತ್ತಲ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

"ಉಗೀಬ್ಯಾಡಿ, ನುಂಗಿ. ಹಿತ್ತಲ ಗಿಡ ಮದ್ದಲ್ಲ ಅಂತ ತಿಂಗಳಿಂದ ಬಡ್ಕೋತಿದ್ರಲ್ಲ? ಅದು ನಮ್ಮ ಹಿತ್ತಲದ್ದೇ."