ಅರ್ಥವಾಗದ ಜೀಪು

“ಒಂದು ಜೀಪು ಸ್ಟಾರ್ಟ್ ಆಗಲಿಲ್ಲ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡೋ ಗಂಡಸು ನಾನಲ್ಲ!”

ಆ ಭಾನುವಾರ ಬೆಳಿಗ್ಗೆ ಹರಕು ಬನಿಯನ್ ತೊಟ್ಟು, ಕೈಯಲ್ಲಿ ಸ್ಪ್ಯಾನರ್ ಎತ್ತಿ ಹಿಡಿದು, ಅಂಗಳದ ನಡುವೆ ನಿಂತು ಹೀಗೆ ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ಮತ್ತು ಅವಳ ಅಪ್ಪ. ಆ ಮಾತನ್ನು ವಾಪಸ್ ನುಂಗಲು ಯಾರಾದರೂ ಅವಕಾಶ ಕೊಟ್ಟರೆ ಇವತ್ತಿಗೂ ನಾನು ತಯಾರು.

ಜೀಪು ಮಾವನವರದು. ವಯಸ್ಸಿನಲ್ಲಿ ನನ್ನ ಹೆಂಡತಿಗಿಂತ ಹಿರಿಯದು, ಹಟದಲ್ಲಿ ಮಾತ್ರ ಅವಳಿಗಿಂತ ಸ್ವಲ್ಪ ಕಡಿಮೆ. ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗದೆ ಓಡಿದ ಗಾಡಿ. ಮಾವನವರ ಕಣ್ಣು ಮಂಜಾದ ಮೇಲೆ ನಮ್ಮ ಶೆಡ್ಡಿಗೆ ಬಂದು ನಿಂತಿತ್ತು. ಕೊನೆಗೆ ಕುರಿ ಸಾಕಣೆಯ ಯಜಮಾನರೊಬ್ಬರಿಗೆ ಮಾರಿದ್ದಾಯಿತು. ಭಾನುವಾರ ಸಂಜೆ ಅವರು ಬಂದು ಒಯ್ಯುವುದೆಂದು ಮಾತು. ಅದಕ್ಕೆ ಮುಂಚೆ ಒಂದೇ ಒಂದು ಸಲ, ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ ತಾವೇ ಓಡಿಸಿಕೊಂಡು ಹೋಗಿಬರಬೇಕೆಂಬುದು ಮಾವನವರ ಆಸೆ. ಮಗಳಿಗೆ ಡ್ರೈವಿಂಗ್ ಕಲಿಸಿದ್ದು ಆ ದಾರಿಯಲ್ಲೇ ಅಂತೆ. ಹಗಲಾದರೆ ಅವರಿಗೆ ಅಷ್ಟು ತೊಂದರೆಯಿಲ್ಲ. ಹೊತ್ತು ಮುಳುಗಿತೋ, ರಸ್ತೆ ಯಾವುದು ಚರಂಡಿ ಯಾವುದು ಗೊತ್ತಾಗದು. ಅದಕ್ಕೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು, ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು.

ನಾನೂ ಕೈಕಟ್ಟಿ ಕುಳಿತಿರಲಿಲ್ಲ. ಕೊಂಡವರ ಮುಂದೆ ನಮ್ಮ ಮರ್ಯಾದೆ ಉಳಿಯಲೆಂದು ಹಿಂದಿನ ವಾರವೇ ಬಾನೆಟ್ಟಿನ ಒಳಗೆಲ್ಲ ಕಪ್ಪು ಬಣ್ಣ ಬಳಿದಿದ್ದೆ. ಒಂದು ಇಂಚು ಬಿಟ್ಟಿದ್ದರೆ ಕೇಳಿ! ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಿ, ಅವುಗಳ ಅಡಿಗೂ ಎರಡೆರಡು ಕೋಟು ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದಿದ್ದೆ. ಹೊರಗಿನ ಚಂದಕ್ಕಿಂತ ಒಳಗಿನ ಚಂದ ದೊಡ್ಡದಲ್ಲವೇ?

ಮಾವನವರು ಹತ್ತಿ ಕುಳಿತು ಕೀ ತಿರುಗಿಸಿದರು. “ಟಿಕ್” ಎಂದಿತು. ಮತ್ತೆ ತಿರುಗಿಸಿದರು. “ಟಿಕ್.” ನಮ್ಮ ಗೋಡೆ ಗಡಿಯಾರ ಇದಕ್ಕಿಂತ ಉತ್ಸಾಹದಿಂದ ಮಾತಾಡುತ್ತದೆ.

“ರೀ, ಮೂಲೆ ಗ್ಯಾರೇಜಿನವರನ್ನ ಕರೀಲಾ? ಭಾನುವಾರ ಮಧ್ಯಾಹ್ನದವರೆಗೂ ಇರ್ತಾರೆ” ಎಂದಳು ಹೆಂಡತಿ. ಆಗ ಹೊರಟದ್ದೇ ಮೇಲಿನ ಘೋಷಣೆ.

ಇಲ್ಲಿ ಮಾವನವರ ಸ್ವಭಾವದ ಬಗ್ಗೆ ಒಂದು ಮಾತು. ಅವರು ಮಹಾ ಸಂಕೋಚದ ಮನುಷ್ಯ. ಅಳಿಯನಿಗೆ ನೇರವಾಗಿ ಏನನ್ನೂ ಹೇಳಿದವರಲ್ಲ. ನಾನು ಎದುರಿಗೇ ಊಟಕ್ಕೆ ಕುಳಿತಿದ್ದರೂ, “ಮಗಳೇ, ಅಳಿಯಂದ್ರಿಗೆ ನೀರು ಬೇಕಾ ಕೇಳು” ಎನ್ನುತ್ತಾರೆ. ಮಗಳು ನನ್ನನ್ನು ಕೇಳುತ್ತಾಳೆ, ನಾನು ಮಗಳಿಗೆ ಹೇಳುತ್ತೇನೆ, ನೀರು ಬರುವಷ್ಟರಲ್ಲಿ ಊಟ ಮುಗಿದಿರುತ್ತದೆ. ಅವತ್ತೂ ಅವರು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಜೀಪಿನೊಳಗೆ ತಲೆ ತೂರಿಸಿದೆ.

ಮೊದಲು ಪ್ಲಗ್ಗುಗಳನ್ನು ಬಿಚ್ಚಿದೆ. ಬಿಚ್ಚಿದ್ದನ್ನು ಇಡಲು ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದೆ. ಆಮೇಲೆ ಕೀ ಹಾಕುವ ಸ್ವಿಚ್ಚನ್ನೇ ಡ್ಯಾಶ್‌ಬೋರ್ಡಿನಿಂದ ಕಿತ್ತೆ. ಹಿಂದಿನಿಂದ ಕೆಂಪು, ಹಳದಿ, ನೀಲಿ ವೈರುಗಳೆಲ್ಲ ಒಟ್ಟಿಗೇ ಹೊರಬಂದು ನನ್ನ ಮುಖ ನೋಡಿದವು. ಅದಕ್ಕೊಂದು ತಟ್ಟೆ. ಫ್ಯೂಸುಗಳಿಗೆ ಒಂದು ಬಟ್ಟಲು. ಒರೆಸಿ, ಉಜ್ಜಿ, ಊದಿ, ಮತ್ತೆ ಸೇರಿಸಿ ಕೀ ತಿರುಗಿಸಿದೆ. ಟಿಕ್!

ಹಾರ್ನ್ ಒತ್ತಿದೆ. ಇಂಡಿಕೇಟರ್ ಮಿನುಗಿತು! ಹೆಡ್‌ಲೈಟ್ ಹಾಕಿದೆ. ವೈಪರ್ ಒಮ್ಮೆ ನಡುಗಿ ಸುಮ್ಮನಾಯಿತು!

“ಏನ್ರೀ ಇದು, ಒಂದನ್ನ ಕರೆದ್ರೆ ಇನ್ನೊಂದು ಓಗೊಡ್ತಿದೆ?”

“ಸುಮ್ನಿರೇ. ಗಾಡಿ ಈಗ ತಾನೇ ಎಚ್ಚರ ಆಗ್ತಿದೆ.”

ಜಗಲಿಯಲ್ಲಿ ಮಾವನವರು ಮಗಳನ್ನು ಕರೆದು ಏನೋ ಪಿಸುಗುಟ್ಟಿದರು. ಅವಳು ಬಂದು ತಲುಪಿಸಿದಳು: “ಅಪ್ಪ ಹೇಳ್ತಿದ್ದಾರೆ, ಮೊದಲು ಅರ್ಥ ಸರಿ ಮಾಡ್ಕೊಳ್ಳಿ ಅಂತ.”

ನನಗೆ ಚುರುಕ್ ಎಂದಿತು. ಏನು, ನನಗೆ ಅರ್ಥವಾಗಿಲ್ಲವೇ? ವಿಡಿಯೋವನ್ನು ಎರಡು ಸಲ ನೋಡಿದ್ದೇನೆ! “ಎಲ್ಲಾ ಅರ್ಥ ಆಗಿದೆ ಅಂತ ಹೇಳು” ಎಂದೆ.

ಹೋಗಿ ಹೇಳಿದಳು. ತಿರುಗಿ ಬಂದಳು. “ಅರ್ಥ ಸಿಗ್ತಾನೇ ಇಲ್ಲ, ಅದಕ್ಕೇ ಹೀಗೆ ಆಗ್ತಿರೋದು ಅಂತಾರೆ.”

“ನನ್ನ ಬಗ್ಗೆ ಹೇಳಿದ್ರಾ?”

“ಮತ್ತೆ ಇಲ್ಲಿ ಇನ್ಯಾರು ಒದ್ದಾಡ್ತಿದ್ದಾರೆ?”

ಸರಿ, ಹಟ ಹತ್ತಿತು. ಪಕ್ಕದ ಮನೆಯ ಮೇಷ್ಟ್ರ ಕಾರಿನ ಬ್ಯಾಟರಿ ಬಿಚ್ಚಿಸಿಕೊಂಡು ಬಂದೆ. ಅದನ್ನು ನಮ್ಮ ಬ್ಯಾಟರಿಗೆ ತಂತಿಯಿಂದ ಜೋಡಿಸಿದೆ. ಟಿಕ್! ಸಿಟ್ಟಿನಲ್ಲಿ ಸ್ಪ್ಯಾನರ್ ಕುಕ್ಕಿದೆ. ಅದು ಸೀದಾ ಬ್ಯಾಟರಿಯ ಎರಡೂ ತುದಿಗಳ ಮೇಲೆ ಅಡ್ಡ ಬಿದ್ದು, ಫಟ್ ಎಂದು ಕಿಡಿ ಹಾರಿ ನನ್ನ ಬನಿಯನ್ನಿಗೆ ಹೊಸದೊಂದು ತೂತು ಬಿತ್ತು. ಎಂಜಿನ್ನಿನಲ್ಲಿ ಬರಬೇಕಾದ ಕಿಡಿ ಬ್ಯಾಟರಿಯಲ್ಲಿ ಬಂತು. ಅಲ್ಲಿಂದ ಹೆಂಡತಿಯ ಕಣ್ಣಿಗೆ ದಾಟಿತು.

“ಊಟಕ್ಕೆ ಬನ್ನಿ ಅನ್ನೋಣ ಅಂದ್ರೆ ಮನೇಲಿ ಒಂದು ತಟ್ಟೆ ಇಲ್ಲ! ಅಪ್ಪನಿಗೆ ಪಾತ್ರೆ ಮುಚ್ಚಳದಲ್ಲಿ ಬಡಿಸಿದ್ದೀನಿ!” ಎಂದು ಸಿಡಿದಳು. ಉಸಿರು ಎಳೆದುಕೊಂಡು ಮುಂದುವರಿಸಿದಳು: “ಅರ್ಥ ಇಲ್ದೆ ಎಷ್ಟು ಒದ್ದಾಡಿದ್ರೂ ಅಷ್ಟೇ ಅಂತೆ. ನಾನು ಹೇಳ್ತಿಲ್ಲ, ಅಪ್ಪ ಹೇಳಿದ್ದು. ಗ್ಯಾರೇಜಿನವರು ಬಾಗಿಲು ಹಾಕೋ ಹೊತ್ತಾಯ್ತು, ಈಗ್ಲಾದ್ರೂ ಕರೀಲಾ?”

“ಬೇಡ!” ಎಂದೆ. ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದೆ.

ಎಲ್ಲವನ್ನೂ ಮತ್ತೆ ಬಿಚ್ಚಿ ತಟ್ಟೆಗಳಿಗೆ ತುಂಬುವುದರಲ್ಲೇ ಮಧ್ಯಾಹ್ನ ಕಳೆಯಿತು. ಬಿಸಿಲು ಸರಿದಂತೆಲ್ಲ ಮಾವನವರು ಕುರ್ಚಿಯನ್ನು ಬಿಸಿಲಿಗೆ ಸರಿಸಿಕೊಳ್ಳುತ್ತಾ ಬಂದರು. ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಅಂಗಳಕ್ಕೆ. ಕೊನೆಗೆ ಬಿಸಿಲು ಕಾಂಪೌಂಡ್ ಗೋಡೆ ಹತ್ತಿತು. ಅಲ್ಲಿಗೆ ಕುರ್ಚಿ ಹತ್ತುವಂತಿರಲಿಲ್ಲ. ಒಂದು ಸಲವೂ ಗೊಣಗಲಿಲ್ಲ ಪುಣ್ಯಾತ್ಮರು. ಗೊಣಗಿದ್ದರೆ ನನ್ನ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಕುರಿ ಸಾಕಣೆಯ ಯಜಮಾನರು ಬಂದೇಬಿಟ್ಟರು. ಅಂಗಳದ ತುಂಬ ಹರಡಿದ ತಟ್ಟೆಗಳನ್ನು ನೋಡಿ, “ಏನ್ಸಾರ್, ಗಾಡಿ ಬಿಡಿಬಿಡಿಯಾಗಿ ಕೊಡೋ ಯೋಚನೆನಾ?” ಎಂದರು.

ಆಗ ಮಾವನವರು ಎದ್ದರು. ಕೋಲು ಊರಿಕೊಂಡು ಜೀಪಿನ ಹತ್ತಿರ ಬಂದರು. ಮದುವೆಯಾದ ಮೇಲೆ ಮೊದಲ ಸಲ, ಮಗಳನ್ನು ಬಿಟ್ಟು ನನ್ನ ಮುಖಕ್ಕೇ ಮಾತಾಡಿದರು.

“ಅಳಿಯಂದ್ರೇ, ತಪ್ಪು ತಿಳೀಬೇಡಿ. ಬೆಳಿಗ್ಗೆಯಿಂದ ಹೇಳಿ ಕಳಿಸ್ತಾನೇ ಇದ್ದೀನಿ. ಅರ್ತ್ ಸರಿ ಮಾಡಿ, ಅರ್ತ್ ಸಿಗ್ತಿಲ್ಲ, ಅರ್ತ್ ಇಲ್ದೆ ಏನು ಮಾಡಿದ್ರೂ ಅಷ್ಟೇ ಅಂತ. ಅರ್ತ್ ವೈರು! ಬ್ಯಾಟರಿಯಿಂದ ಗಾಡಿಯ ಮೈಗೆ ಬರುತ್ತಲ್ಲ, ಆ ಕಪ್ಪು ವೈರು!”

ಕೋಲಿನ ತುದಿಯಿಂದ ತೋರಿಸಿದರು. ನಾನು ಬೋಲ್ಟು ಬಿಚ್ಚಿ ನೋಡಿದೆ. ಅಡಿಯಲ್ಲಿ ನನ್ನದೇ ಕೈಚಳಕ, ಎರಡು ಕೋಟು ಕಪ್ಪು ಬಣ್ಣ ಪಳಪಳ ಹೊಳೆಯುತ್ತಿತ್ತು! ಲೋಹಕ್ಕೆ ಲೋಹ ತಾಗಿದರೆ ತಾನೇ ಕರೆಂಟು ಹರಿಯುವುದು? ಇಡೀ ಜೀಪಿನ ಬಾಯಿಯನ್ನು ನಾನು ಅಂದವಾಗಿ ಮುಚ್ಚಿಸಿದ್ದೆ.

“ಅಯ್ಯೋ, ಅರ್ತ್ ಅಂದ್ರೆ ವೈರಾ ಅಪ್ಪ? ನಾನು ಇವರ ತಲೆ ಅಂದ್ಕೊಂಡೆ” ಎಂದಳು ಹೆಂಡತಿ.

ಮರಳು ಕಾಗದದಿಂದ ಬಣ್ಣ ಕೆರೆದೆ. ಬೋಲ್ಟು ಬಿಗಿದೆ. ತಟ್ಟೆಗಳಲ್ಲಿದ್ದುದನ್ನೆಲ್ಲ ಒಂದೊಂದಾಗಿ ಮತ್ತೆ ಜೋಡಿಸಿದೆ. ಮಾವನವರು ಹತ್ತಿ ಕುಳಿತು ಕೀ ತಿರುಗಿಸಿದರು. ಭರ್ರ್ ಎಂದು ಜೀಪು ಎದ್ದಿತು! ಮೇಷ್ಟ್ರು ಗೋಡೆಯಾಚೆಯಿಂದ ಚಪ್ಪಾಳೆ ತಟ್ಟಿದರು, ಬ್ಯಾಟರಿ ವಾಪಸ್ ಸಿಗುವ ಸಂತೋಷಕ್ಕೆ. ಯಜಮಾನರು ಒಳ್ಳೆಯ ಮನುಷ್ಯರು. “ಹೋಗಿ ಬನ್ನಿ ಹಿರಿಯರೇ, ಒಂದು ರೌಂಡು. ನಾನು ಕಾಯ್ತೀನಿ” ಎಂದರು.

ಮಾವನವರು ಹೆಡ್‌ಲೈಟ್ ಹಾಕಿದರು. ಬೆಳಕು ಗೇಟಿನವರೆಗೂ ಚಾಚಿತು. ಅವರು ಸ್ಟಿಯರಿಂಗ್ ಹಿಡಿದು ಮುಂದಕ್ಕೆ ಬಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನಿಧಾನವಾಗಿ ಕೆಳಗಿಳಿದರು.

ಬೈದುಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಕತ್ತಲಾಯ್ತು ಅಳಿಯಂದ್ರೇ, ನನಗೆ ಕಾಣಲ್ಲ. ಪರವಾಗಿಲ್ಲ, ನೀವು ಓಡ್ಸಿ. ನಾನು ಪಕ್ಕದಲ್ಲಿ ಕೂತ್ಕೋತೀನಿ.”

ಇಷ್ಟು ವರ್ಷ ಅವರ ಮನೆಗೆ ಹೋದಾಗಲೆಲ್ಲ ಬಾಡಿಗೆಗೆ ತಂದ ಕಾರನ್ನು ಓಡಿಸಿದ್ದು ಮಗಳು. ಹೆಂಡತಿಗೆ ಸ್ಟಿಯರಿಂಗ್ ಬಿಟ್ಟುಕೊಡುವ ದೊಡ್ಡ ಮನಸ್ಸಿನ ಅಳಿಯ ಎಂದೇ ಅವರು ತಿಳಿದಿದ್ದರು.

“ಮಾವ... ನನಗೆ ಗಾಡಿ ಓಡ್ಸೋಕೆ ಬರಲ್ಲ.”

ಅವರು ನನ್ನನ್ನು ನೋಡಿದರು. ಅಂಗಳದ ತಟ್ಟೆಗಳನ್ನು ನೋಡಿದರು. ಬಹಳ ಮೃದುವಾಗಿ ಕೇಳಿದರು:

“ಗೇಟ್ ತೆಗೆಯೋಕೆ ಬರುತ್ತಾ?”

ಬರುತ್ತೆ ಎಂದೆ. ಹೋಗಿ ತೆಗೆದೆ. ಹೆಂಡತಿ ಜೀಪನ್ನು ನನ್ನ ಪಕ್ಕದಿಂದಲೇ ಹೊರಗೆ ತೆಗೆದುಕೊಂಡು ಹೋದಳು. ಅವಳು ಗೇರ್ ಬದಲಾಯಿಸಿದಾಗ, ಪಕ್ಕದ ಸೀಟಿನಲ್ಲಿ ಮಾವನವರ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ತಾನೂ ಒತ್ತುತ್ತಿತ್ತು.