‘ಸೊಂಯ್ಗಾಳಿ’ಯ ಮೂಲ ಕಂಡುಹಿಡಿದ ವಿದ್ವಾಂಸರಿಗೆ

ಮಾನ್ಯರೇ, ಪದಪಂಡಿತ ಡಾ. ಅನಿರುದ್ಧ ಅವರೇ, ವೈಯಾಲಿಕಾವಲಿನಿಂದ ರಂಜಿನಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಬಸವನಗುಡಿಯ ಕವಿ, ದಿವಂಗತ ಶೀನಣ್ಣನವರು ಬಳಸಿದ ಪದಗಳಿಗೆಲ್ಲ ಅರ್ಥ, ಮೂಲ ಹುಡುಕಿ ತಾವು ಹೊರತಂದ ಪದಕೋಶವನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ. ಒಂದೇ ಕೈಯಲ್ಲಿ ಎತ್ತಲಾಗಲಿಲ್ಲ. ‘ಸೊಂಯ್ಗಾಳಿ’ ಎಂಬುದು ಸಂಸ್ಕೃತದ ‘ಸೌಮ್ಯ’ದಿಂದ ಹುಟ್ಟಿದ್ದೆಂದೂ, ಆತ್ಮವನ್ನು ತಟ್ಟುವ ಮಂದಾನಿಲವೆಂದೂ ತಿಳಿಸಿದ್ದೀರಿ. ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸದ ತಪ್ಪನ್ನು ಕವಿಗಳ ತಲೆಗೆ ಕಟ್ಟಿ, ಮರುಸಾಲಿನಲ್ಲೇ ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದೀರಿ.

ನನ್ನ ತಾಯಿ ಮಾರಕ್ಕ ಆ ಕವಿಗಳ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಪಾತ್ರೆ ತೊಳೆದವಳು. ಅಡುಗೆಮನೆಯ ಕಿಟಕಿ ಗಾಜು ಒಡೆದು, ಆ ಸಂದಿಯಿಂದ ಸೊಂಯ್ ಎಂದು ನುಗ್ಗಿ ಒದ್ದೆ ಕೈ ಕೊರೆಯುತ್ತಿದ್ದ ಗಾಳಿಗೆ ಅವಳಿಟ್ಟ ಹೆಸರು ಅದು. ಕವಿಗಳು ಪದವನ್ನು ಬರೆದುಕೊಂಡರು, ಗಾಜು ಹಾಕಿಸಲಿಲ್ಲ.

ಚಾಮರಾಜಪೇಟೆಯ ಬಿಡುಗಡೆ ಸಮಾರಂಭದಲ್ಲಿ ತಾವು ಕಣ್ಣು ಮುಚ್ಚಿ ಈ ಪದವನ್ನು ವಿವರಿಸುವಾಗ ಅಮ್ಮ ಎದ್ದು ನಿಂತು, “ಸ್ವಾಮೀ, ಅದು ನನ್ ಮಾತು. ಆ ಗಾಳೀಲಿ ನನ್ ಬೆರಳೆಲ್ಲ ಸೆಟ್ಕೊಂಡ್ಹೋಗ್ತಿತ್ತು” ಎಂದದ್ದು ತಮ್ಮ ಧ್ಯಾನಕ್ಕೆ ಭಂಗ ತಂದಿತು. “ಪ್ರಶ್ನೋತ್ತರ ಕೊನೇಲಿದೆ, ಕೂತ್ಕೊಳಮ್ಮ” ಎಂದು ಎಪ್ಪತ್ತು ದಾಟಿದವಳಿಗೆ ಏಕವಚನದಲ್ಲೇ ಕೃಪೆ ತೋರಿದಿರಿ. ಕೊನೆಯಲ್ಲಿ ಪ್ರಶ್ನೋತ್ತರದ ಬದಲು ಉಪ್ಪಿಟ್ಟು ಬಂತು. ಅಮ್ಮ ತಟ್ಟೆ ಮುಟ್ಟದೆ ಬಸ್ಸು ಹತ್ತಿದಳು. ಅವಳು ಸಿಟ್ಟಾದದ್ದನ್ನು ಬಹಳ ಸಲ ನೋಡಿದ್ದೇನೆ. ತಿಂಡಿ ಬಿಟ್ಟು ಎದ್ದದ್ದನ್ನು ಅಂದೇ ನೋಡಿದ್ದು.

ಮರುವಾರ ಕವಿಪತ್ನಿ ಭಾಗೀರಥಮ್ಮನವರು ಹಳೆಯ ನೋಟ್‌ಬುಕ್ ಹುಡುಕಿ, “ನೋಡು ರಂಜಿನಿ, ಇವರೇ ಬರೆದಿಟ್ಟಿದಾರೆ” ಎಂದು ತೋರಿಸಿದರು: ‘ಸೊಂಯ್ಗಾಳಿ, ಮಾರಕ್ಕ ಹೇಳಿದ್ದು.’ ಅದರ ಜೆರಾಕ್ಸ್ ತಮಗೆ ಕಳಿಸಿದೆ. ತಾವಾದರೋ ಎರಡನೆಯ ಮುದ್ರಣದಲ್ಲಿ ತಪ್ಪನ್ನು ಹಾಗೇ ಉಳಿಸಿ, ಹೊಸ ಪದವೊಂದನ್ನು ಸೇರಿಸಿದಿರಿ: ‘ಮಾರಕ್ಕ: ಮಾರನೆಂದರೆ ಮನ್ಮಥ, ಅವನ ಅಕ್ಕ. ಕವಿಯ ಸ್ಫೂರ್ತಿದೇವತೆ. ರೂಪಕ ಮಾತ್ರ, ವ್ಯಕ್ತಿಯಲ್ಲ.’

ಹೆತ್ತ ತಾಯಿಯೇ ರೂಪಕವೆಂದು ಈ ವಯಸ್ಸಿನಲ್ಲಾದರೂ ತಿಳಿದ ನಾನು ಧನ್ಯಳು. ಆದರೆ ಈ ರೂಪಕಕ್ಕೆ ಮಂಡಿನೋವು. ರೂಪಕಗಳಿಗೆ ನೋವಾಗದೆಂದು ತಾವೊಂದು ಪ್ರಮಾಣಪತ್ರ ಬರೆದುಕೊಟ್ಟರೆ ಅವಳ ಮಂಡಿಗೆ ಓದಿ ಹೇಳುತ್ತೇನೆ. ತಮ್ಮ ಪರಿಚಿತನಾದ ಮನ್ಮಥನಿಗೂ ತಿಳಿಸಿ, ಗೌರಿಹಬ್ಬಕ್ಕೆ ಅಕ್ಕನಿಗೆ ಬಾಗಿನ ತರಲಿ. ಇಷ್ಟು ವರ್ಷ ಒಮ್ಮೆಯೂ ಬಂದಿಲ್ಲ.

ದಾಖಲೆ ಒದಗಿಸಿಯೂ ಸೋತ ತಮ್ಮ ವಿಶ್ವಾಸಿ,
ರೂಪಕದ ಮಗಳು, ರಂಜಿನಿ

ಬರೆಯಲು ಮರೆತದ್ದು: ಕವಿಗಳು ಬಳಸಿದ ‘ಡಬರಾಯ’ ಪದವನ್ನು ತಾವು ‘ಮೂಲ ಅಜ್ಞಾತ, ಅರ್ಥ ಬಹುಶಃ ಶ್ರೇಷ್ಠ’ ಎಂದು ವಿವರಿಸಿ, ಮುನ್ನುಡಿಯಲ್ಲಿ ತಮ್ಮನ್ನೇ ‘ಪದಲೋಕದ ಡಬರಾಯ’ ಎಂದು ಕರೆದುಕೊಂಡಿದ್ದೀರಲ್ಲ, ಅದೂ ಅಮ್ಮನದೇ ಮಾತು. ಒಳಗೇನೂ ಇಲ್ಲದೆ ಸದ್ದು ಮಾಡುವ ಡಬರಿ ಪಾತ್ರೆಗೆ ಹಾಗನ್ನುತ್ತಿದ್ದಳು. ಅದನ್ನು ಮಾತ್ರ ತಿದ್ದಬೇಡಿ. ಇಡೀ ಪುಸ್ತಕದಲ್ಲಿ ಸರಿಯಾಗಿ ಬಳಕೆಯಾದ ಪದ ಅದೊಂದೇ ಎಂಬುದು ಅಮ್ಮನ ಅಭಿಪ್ರಾಯ.